ವಿಷಮಕ್ಷೇತ್ರಚಲನ: ಏಡಿಗಂತಿಯ ಕೋಶಗಳನ್ನು ಬೇರ್ಪಡಿಸುವ ಶಾಸ್ತ್ರದಲ್ಲಿ ಮಾತು ಮತ್ತು ಅರ್ಥ

೧

ಶಾಸ್ತ್ರಗ್ರಂಥಗಳ ಮಾತನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಉಚಿತವೇ ಎಂಬ ಪ್ರಶ್ನೆ ವಿದ್ವಾಂಸರಲ್ಲಿ ಆಗಾಗ ಏಳುವುದುಂಟು. ಕಾವ್ಯದಲ್ಲಿ ಶಬ್ದಾರ್ಥಗಳೆರಡೂ ಸಮಪ್ರಧಾನವಾಗಿರುವಂತೆ ಶಾಸ್ತ್ರದಲ್ಲಿ ಇಲ್ಲವೆಂದೂ, ಅಲ್ಲಿ ಅರ್ಥವೊಂದು ಕೈಗೆ ಸಿಕ್ಕಿದರೆ ಶಬ್ದವನ್ನು ಬಿಟ್ಟುಬಿಡಬಹುದೆಂದೂ ಕೆಲವರ ಮತ. ಈ ಮತವು ಮೇಲ್ನೋಟಕ್ಕೆ ಯುಕ್ತವಾಗಿ ತೋರಿದರೂ ವೈದ್ಯಕ್ಕೆ ಸಂಬಂಧಪಟ್ಟ ಶಾಸ್ತ್ರಗಳಲ್ಲಿ ನಿಲ್ಲಲಾರದು. ಅಲ್ಲಿ ಒಂದು ಕ್ರಿಯಾಪದವು ತನ್ನ ಅಳತೆಯನ್ನು ಮೀರಿದರೆ ಅದರಿಂದ ಹುಟ್ಟುವ ಆಸೆಯೂ ಆಮೇಲಿನ ನಿರಾಶೆಯೂ ಪುಸ್ತಕದಲ್ಲಿಯೇ ಉಳಿಯುವುದಿಲ್ಲ. ರೋಗಿಯ ಮನೆಯವರೆಗೂ ಹೋಗುತ್ತವೆ.

ಇಂಥ ಪರೀಕ್ಷೆಗೆ ತಕ್ಕುದಾದ ಒಂದು ವಾಙ್ಮಯವು ಈಚಿನ ಕಾಲದಲ್ಲಿ ಬೆಳೆದುಬಂದಿದೆ. ವಿದ್ಯುತ್ ಕ್ಷೇತ್ರದ ನೆರವಿನಿಂದ ಏಡಿಗಂತಿಯ ಕೋಶಗಳನ್ನು ರಕ್ತದ ಕೋಶಗಳಿಂದ ಬೇರ್ಪಡಿಸುವುದು ಅದರ ವಿಷಯ. ಹರ್ಬರ್ಟ್ ಪೋಲ್ ಅವರು ೧೯೫೧ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಮೊದಲ್ಗೊಂಡು, ಅವರ ೧೯೭೮ರ ಗ್ರಂಥವನ್ನೂ, ಬೆಕರ್, ಗ್ಯಾಸ್ಕಾಯ್ನ್, ಪೆಥಿಗ್ ಮೊದಲಾದವರು ಕೂಡಿ ಬರೆದ ೧೯೯೫ರ ಪ್ರಬಂಧವನ್ನೂ ಹಾದು, ನಮ್ಮ ಶತಮಾನದ ಎರಡನೆಯ ದಶಕದ ಲೇಖನಗಳವರೆಗೆ ಈ ವಾಙ್ಮಯವು ಹಬ್ಬಿದೆ. ಇದರ ವಿಷಯವನ್ನು ಜನರಿಗೆ ತಿಳಿಯಹೇಳುವವರು ಸಾಮಾನ್ಯವಾಗಿ ಬಳಸುವ ಮಾತು, ವಿದ್ಯುತ್ ಕ್ಷೇತ್ರವು ಏಡಿಗಂತಿಯ ಕೋಶವನ್ನು ‘ಗುರುತಿಸುತ್ತದೆ’ ಎಂಬುದು. ಮೂಲಪ್ರಬಂಧಗಳನ್ನು ಸಾವಧಾನವಾಗಿ ಓದಿದರೆ ಕ್ಷೇತ್ರವು ಕೋಶಗಳನ್ನು ಬೇರ್ಪಡಿಸುತ್ತದೆ ಎಂಬುದಕ್ಕೆ ಬೇಕಾದಷ್ಟು ಆಧಾರವು ದೊರೆಯುತ್ತದೆ. ಗುರುತಿಸುತ್ತದೆ ಎಂಬುದಕ್ಕೆ ದೊರೆಯುವುದಿಲ್ಲ. ಬೇರ್ಪಡಿಸುವುದಕ್ಕೂ ಗುರುತಿಸುವುದಕ್ಕೂ ಇರುವ ಅಂತರವನ್ನು ಆ ಪ್ರಬಂಧಗಳಿಂದಲೇ ತೋರಿಸಿ, ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೆ ಯಾವ ಮಾತು ತಕ್ಕುದೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

೨

ಮೊದಲು ಹೆಸರನ್ನು ನೋಡಬೇಕು. ಪೋಲ್ ಅವರು ಈ ಚಲನೆಗೆ ಇಟ್ಟ ಹೆಸರು ಡೈಎಲೆಕ್ಟ್ರೊಫೊರೆಸಿಸ್. ಇದರ ಉತ್ತರಪದವು ಹೊರು, ಒಯ್ಯು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದುದು. ಪೂರ್ವಪದವಾದ ‘ಡೈಎಲೆಕ್ಟ್ರಿಕ್’ ಎಂಬುದು ಮೈಕೇಲ್ ಫ್ಯಾರಡೆಯ ಉಪಯೋಗಕ್ಕಾಗಿ ವಿಲಿಯಂ ಹ್ಯೂವೆಲ್ ಎಂಬ ಪಂಡಿತನು ಟಂಕಿಸಿಕೊಟ್ಟ ಶಬ್ದ. ವಿದ್ಯುತ್ತು ತನ್ನಲ್ಲಿ ಹರಿಯದಿದ್ದರೂ ಅದರ ಪ್ರಭಾವವನ್ನು ತನ್ನ ಮೂಲಕ ಹಾಯಗೊಡುವ ವಸ್ತುವೆಂದು ಅದರ ತಾತ್ಪರ್ಯ. ಇದಕ್ಕಿಂತ ಹಳೆಯದಾದ ಎಲೆಕ್ಟ್ರೊಫೊರೆಸಿಸ್ ಎಂಬುದರಲ್ಲಿ ವಿದ್ಯುದಂಶವನ್ನು ಹೊತ್ತ ಕಣವು ತನಗೆ ವಿರುದ್ಧವಾದ ಧ್ರುವದ ಕಡೆಗೆ ಸಾಗುತ್ತದೆ. ಪೋಲ್ ಅವರು ಕಂಡುದು ಬೇರೆಯ ಬಗೆ. ಅವರ ಗ್ರಂಥದ ಉಪಶೀರ್ಷಿಕೆಯೇ ಇದನ್ನು ಹೇಳುತ್ತದೆ: ವಿಷಮವಾದ ವಿದ್ಯುತ್ ಕ್ಷೇತ್ರದಲ್ಲಿ ತಟಸ್ಥವಸ್ತುವಿನ ವರ್ತನೆ ಅಲ್ಲಿ ಪ್ರತಿಪಾದ್ಯ.

ಕೂದಲಿಗೆ ಉಜ್ಜಿದ ಬಾಚಣಿಗೆಯು ಕಾಗದದ ಚೂರನ್ನು ಸೆಳೆಯುವುದನ್ನು ಎಲ್ಲರೂ ಕಂಡಿರುವರು. ಕಾಗದದ ಮೇಲೆ ವಿದ್ಯುದಂಶವೇನೂ ಇರುವುದಿಲ್ಲ. ಬಾಚಣಿಗೆಯ ಸಾಮೀಪ್ಯದಿಂದ ಅದರ ಒಂದು ಕಡೆ ಧನವೂ ಇನ್ನೊಂದು ಕಡೆ ಋಣವೂ ತಲೆದೋರಿ, ಹತ್ತಿರದ ಕಡೆಗೆ ಬೀಳುವ ಸೆಳೆತವು ದೂರದ ಕಡೆಗೆ ಬೀಳುವ ತಳ್ಳಾಟಕ್ಕಿಂತ ಹೆಚ್ಚಾಗುವುದರಿಂದ ಚೂರು ಮುಂದಕ್ಕೆ ಬರುತ್ತದೆ. ಸಂಸ್ಕೃತ ನಿಘಂಟುಗಳಲ್ಲಿ ತೃಣಗ್ರಾಹಿ ಎಂಬ ಮಣಿಯ ಹೆಸರುಂಟು. ಹುಲ್ಲನ್ನು ಹಿಡಿಯುವ ಮಣಿ ಎಂದರ್ಥ. ಆ ಹೆಸರನ್ನು ಕೊಟ್ಟವರು ನೋಡಿದ್ದ ಸೆಳೆತವೂ ತಟಸ್ಥವಸ್ತುವಿನ ಮೇಲಿನದೇ. ಕ್ಷೇತ್ರವು ಎಲ್ಲೆಡೆಯಲ್ಲಿಯೂ ಒಂದೇ ಬಲವುಳ್ಳದ್ದಾಗಿದ್ದರೆ ಎರಡು ಕಡೆಯ ಎಳೆತಗಳೂ ಸಮನಾಗಿ ಚೂರು ಕದಲುತ್ತಿರಲಿಲ್ಲ. ಆದುದರಿಂದ ಈ ಚಲನೆಗೆ ಮುಖ್ಯವಾದ ಕಾರಣ ಕ್ಷೇತ್ರದ ವೈಷಮ್ಯ. ವಿದ್ಯುತ್ತಿನ ದಿಕ್ಕನ್ನು ಪದೇ ಪದೇ ತಿರುಗಿಸಿದರೂ ಕಣದ ಎರಡು ತುದಿಗಳು ಅದರೊಡನೆಯೇ ತಿರುಗುವುದರಿಂದ ಸೆಳೆತವು ಸೆಳೆತವಾಗಿಯೇ ಉಳಿಯುವುದು ಇನ್ನೊಂದು ವಿಶೇಷ.

ಹೀಗಿರಲು ಗ್ರೀಕ್ ಹೆಸರಿನಲ್ಲಿ ಒಂದು ಕೊರತೆ ಕಂಡುಬರುತ್ತದೆ. ಅದು ಚಲಿಸುವ ವಸ್ತುವಿನ ಸ್ವಭಾವವನ್ನು ಸೂಚಿಸುತ್ತದೆಯೇ ಹೊರತು ಚಲನೆಗೆ ಕಾರಣವಾದ ವೈಷಮ್ಯವನ್ನು ಸೂಚಿಸುವುದಿಲ್ಲ. ೧೯೫೧ರ ಪ್ರಬಂಧದ ಶೀರ್ಷಿಕೆಯಲ್ಲಿಯಾದರೋ ಕ್ಷೇತ್ರದ ವಿಶೇಷಣವು ಸ್ಪಷ್ಟವಾಗಿಯೇ ಬಂದಿತ್ತು. ಕನ್ನಡದಲ್ಲಿ ಹೊಸದಾಗಿ ಪದವನ್ನು ಕಟ್ಟುವವರು ಗ್ರೀಕ್ ಪದದ ಅವಯವಗಳನ್ನು ಒಂದೊಂದಾಗಿ ಅನುವಾದಿಸುವುದಕ್ಕಿಂತ ‘ವಿಷಮಕ್ಷೇತ್ರಚಲನ’ ಎನ್ನುವುದು ಮೇಲು. ‘ವಹನ’ ಎಂಬುದು ಧಾತ್ವರ್ಥಕ್ಕೆ ಹೆಚ್ಚು ಹತ್ತಿರವಾದರೂ, ವಾಹಕ, ವಾಹಕತೆ ಎಂಬ ಮಾತುಗಳು ಕನ್ನಡದ ಭೌತಶಾಸ್ತ್ರದಲ್ಲಿ ವಿದ್ಯುತ್ತಿನ ಹರಿವಿಗೆ ರೂಢವಾಗಿರುವುದರಿಂದ ಅದನ್ನು ಇಲ್ಲಿ ತಂದರೆ ಗೊಂದಲವುಂಟಾಗುವುದು.

೩

ಪೋಲ್ ಅವರು ಮೊದಲು ಕೈಹಾಕಿದ ಕೆಲಸಕ್ಕೂ ರೋಗಕ್ಕೂ ಸಂಬಂಧವಿರಲಿಲ್ಲ. ಪ್ಲಾಸ್ಟಿಕ್ಕಿನ ದ್ರಾವಣದಲ್ಲಿ ಬೆರೆತಿದ್ದ ಇಂಗಾಲದ ಪುಡಿಯನ್ನು ತೆಗೆಯುವುದು ಅವರ ಅಂದಿನ ಉದ್ದೇಶ. ೧೯೬೬ರಲ್ಲಿ ಅವರು ಐರಾ ಹಾಕ್ ಅವರೊಡಗೂಡಿ ಯೀಸ್ಟಿನ ಜೀವಂತ ಕೋಶಗಳನ್ನೂ ಸತ್ತ ಕೋಶಗಳನ್ನೂ ಇದೇ ಉಪಾಯದಿಂದ ಬೇರೆ ಬೇರೆ ಮಾಡಿ ತೋರಿಸಿದರು. ನಿರ್ಜೀವವಾದ ಪುಡಿಯಿಂದ ಸಜೀವವಾದ ಕೋಶಕ್ಕೆ ಬಂದ ಈ ಹೆಜ್ಜೆಯೊಡನೆಯೇ ಶಾಸ್ತ್ರದ ಮಾತಿಗೆ ಒಂದು ಅಪಾಯವೂ ಬಂದಿತು. ಇಂಗಾಲವನ್ನು ವಿದ್ಯುತ್ತು ‘ಗುರುತಿಸಿತು’ ಎಂದು ಯಾರೂ ಹೇಳುವುದಿಲ್ಲ. ಜೀವಂತವಾದುದನ್ನು ಸತ್ತುದರಿಂದ ಬೇರೆ ಮಾಡಿತೆಂದ ಕೂಡಲೆ ವಿದ್ಯುತ್ತಿಗೆ ಜೀವದ ಪರಿಚಯವಿರುವಂತೆ ಓದುಗನಿಗೆ ಭಾಸವಾಗುತ್ತದೆ.

ನಿಜವಾಗಿ ನಡೆಯುವುದೇನೆಂಬುದು ಸರಳವಾಗಿಯೇ ಇದೆ. ಕೋಶದ ಒಳಗೆ ಉಪ್ಪುಗಳು ಕರಗಿದ ನೀರು. ಅದರ ಸುತ್ತ ಜಿಡ್ಡಿನ ಸ್ವಭಾವದ ಅತಿ ತೆಳುವಾದ ಪೊರೆ. ಒಳಗಿನ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ; ಪೊರೆಯು ಅದನ್ನು ತಡೆಯುತ್ತದೆ. ವಿದ್ಯುತ್ತು ನಿಧಾನವಾಗಿ ದಿಕ್ಕು ಬದಲಾಯಿಸುತ್ತಿರುವಾಗ ಪೊರೆಯ ತಡೆಯೇ ಮೇಲುಗೈಯಾಗಿ, ಕೋಶವು ಸುತ್ತಲಿನ ದ್ರವಕ್ಕಿಂತ ಕೀಳಾದ ವಾಹಕದಂತೆ ವರ್ತಿಸಿ, ನೀರಿನಲ್ಲಿ ಗುಳ್ಳೆಯು ಮೇಲಕ್ಕೆ ತಳ್ಳಲ್ಪಡುವ ಹಾಗೆ, ಕ್ಷೇತ್ರದ ಬಲವು ಕಡಿಮೆಯಿರುವ ಕಡೆಗೆ ತಳ್ಳಲ್ಪಡುತ್ತದೆ. ದಿಕ್ಕಿನ ಬದಲಾವಣೆಯು ಶೀಘ್ರವಾದಂತೆ ಪೊರೆಯ ತಡೆ ಸಡಿಲಿ ಒಳಗಿನ ನೀರಿನ ಗುಣವು ಹೊರಬೀಳುತ್ತದೆ. ಆಗ ಕೋಶವು ಬಲವು ಹೆಚ್ಚಿರುವ ಕಡೆಗೆ ಸೆಳೆಯಲ್ಪಡುತ್ತದೆ. ತಳ್ಳಾಟವು ಸೆಳೆತವಾಗಿ ಮಾರ್ಪಡುವ ಆ ಒಂದು ವೇಗವನ್ನು ತಿರುವಿನ ಆವೃತ್ತಿಯೆನ್ನಬಹುದು. ಸುತ್ತಲಿನ ದ್ರವದ ವಾಹಕತೆಯು ಹೆಚ್ಚಿದರೆ ಈ ಆವೃತ್ತಿಯು ಏರುತ್ತದೆ. ಕೋಶದ ಗಾತ್ರವಾಗಲಿ ಪೊರೆಯ ಧಾರಕತೆಯಾಗಲಿ ಹೆಚ್ಚಿದರೆ ಇಳಿಯುತ್ತದೆ. ಸತ್ತ ಕೋಶದ ಪೊರೆಯು ಸೋರುವುದರಿಂದ ಅದರ ವರ್ತನೆ ಬೇರೆ. ಯೀಸ್ಟಿನಲ್ಲಿ ಪೋಲ್ ಅವರು ಕಂಡ ಭೇದಕ್ಕೆ ಮೂಲ ಇದು.

ಈ ಧಾರಕತೆಯ ಅಳತೆಗೆ ಪೋಲ್ ಅವರಿಗಿಂತ ಹಿಂದಿನ ಇತಿಹಾಸವಿದೆ. ಹ್ಯೂಗೊ ಫ್ರಿಕೆ ಎಂಬ ವಿಜ್ಞಾನಿ ೧೯೨೫ರಲ್ಲಿ ರಕ್ತದ ಕೆಂಪುಕೋಶದ ಪೊರೆಯ ಧಾರಕತೆಯನ್ನು ಚದರ ಸೆಂಟಿಮೀಟರಿಗೆ ೦.೮೧ ಮೈಕ್ರೊಫ್ಯಾರಡ್ ಎಂದು ಅಳೆದು, ಅದರಿಂದ ಪೊರೆಯ ದಪ್ಪವು ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ೩.೩ ಭಾಗದಷ್ಟೆಂದು ಲೆಕ್ಕಹಾಕಿದರು. ಪೊರೆಯನ್ನು ಕಣ್ಣಿನಿಂದ ಕಾಣುವ ಸಾಧನವೇ ಇಲ್ಲದಿದ್ದ ಕಾಲದಲ್ಲಿ ಮಾಡಿದ ಈ ಲೆಕ್ಕವು ಆ ಶಾಸ್ತ್ರದ ಶ್ಲಾಘ್ಯವಾದ ಸಾಧನೆಗಳಲ್ಲೊಂದು. ಮರುವರ್ಷವೇ ಅವರು ಮೋರ್ಸ್ ಅವರೊಡನೆ ಸ್ತನದ ಗಂತಿಗಳ ಧಾರಕತೆಯನ್ನು ಪರೀಕ್ಷಿಸಿ, ಮಾರಕವಾದ ಗಂತಿಗಳಲ್ಲಿ ಅದು ಹೆಚ್ಚಾಗಿರುವುದನ್ನು ಕಂಡರು. ವಿದ್ಯುತ್ತಿನ ಅಳತೆಯಿಂದ ಏಡಿಗಂತಿಯನ್ನು ಬೇರೆ ಮಾಡಿ ನೋಡಬಹುದೆಂಬ ಆಸೆ ಈ ಪ್ರಕಾರ ಸುಮಾರು ನೂರು ವರ್ಷಗಳಷ್ಟು ಹಳೆಯದು.

ಏಡಿಗಂತಿಯ ಕೋಶದಲ್ಲಿ ಧಾರಕತೆಯು ಹೆಚ್ಚುವುದಕ್ಕೆ ಕಾರಣವೇನು? ಪೊರೆಯ ಪದಾರ್ಥವು ಬೇರೆಯೆಂದಲ್ಲ; ಪೊರೆಯಲ್ಲಿ ಮಡಿಕೆಗಳೂ ಸಣ್ಣ ಚಾಚುಗಳೂ ಹೆಚ್ಚು. ಸೀರೆಯ ನಿರಿಗೆಗಳು ಹೆಚ್ಚಿದಷ್ಟೂ ಅದೇ ಸುತ್ತಳತೆಯೊಳಗೆ ಹೆಚ್ಚು ಬಟ್ಟೆ ಅಡಗುವಂತೆ, ಮಡಿಕೆಗಳಿರುವ ಕೋಶದಲ್ಲಿ ತೋರಿಕೆಯ ವಿಸ್ತಾರಕ್ಕಿಂತ ಪೊರೆಯ ನಿಜವಾದ ವಿಸ್ತಾರವು ಅಧಿಕ. ೨೦೧೩ರಲ್ಲಿ ಗ್ಯಾಸ್ಕಾಯ್ನ್ ಅವರೂ ಸಂಗಡಿಗರೂ ಪ್ರಕಟಿಸಿದ ಪ್ರಬಂಧದ ವಿಷಯವೇ ಕೋಶದ ವೈದ್ಯುತಗುಣಗಳಿಗೂ ಅದರ ಹೊರರೂಪಕ್ಕೂ ಇರುವ ಸಂವಾದ. ಕ್ಷೇತ್ರಕ್ಕೆ ಮುಟ್ಟುವುದು ಗಾತ್ರವೂ ನಿರಿಗೆಯೂ ಹೊರತು ಕೋಶದೊಳಗಿನ ವಂಶಸೂತ್ರದಲ್ಲಿ ಆಗಿರುವ ವಿಕಾರವಲ್ಲ.

ಇಲ್ಲಿ ಕನ್ನಡದ ‘ಕೋಶ’ ಎಂಬ ಪದವು ಆಂಗ್ಲಮೂಲಕ್ಕಿಂತ ಹೆಚ್ಚು ಒಪ್ಪುತ್ತದೆಂಬುದು ಗಮನಾರ್ಹ. ರಾಬರ್ಟ್ ಹುಕ್ ೧೬೬೫ರಲ್ಲಿ ಬಳಸಿದ ಇಂಗ್ಲಿಷ್ ಮಾತಿಗೆ ಸಣ್ಣ ಕೊಠಡಿಯೆಂದರ್ಥ. ಕೋಶವೆಂದರೆ ಒರೆ, ಹೊದಿಕೆ. ಕತ್ತಿಯ ಒರೆಯೂ ಕೋಶ, ಉಪನಿಷತ್ತು ಹೇಳುವ ಅನ್ನಮಯಾದಿಗಳೂ ಕೋಶಗಳು. ವಿದ್ಯುತ್ ಕ್ಷೇತ್ರವು ಅಳೆಯುವುದು ಬಹುಮಟ್ಟಿಗೆ ಈ ಹೊದಿಕೆಯನ್ನೇ. ರೋಗದ ಹೆಸರಿನಲ್ಲಿಯೂ ಇಂಥದೇ ಒಂದು ಸಾಮ್ಯವಿದೆ. ಗ್ರೀಕರು ಈ ರೋಗವನ್ನು ಏಡಿಯೆಂದು ಕರೆದುದಕ್ಕೆ, ಗಂತಿಯ ಸುತ್ತ ಉಬ್ಬಿದ ನರಗಳು ಏಡಿಯ ಕಾಲುಗಳಂತೆ ಹರಡಿದ್ದುದೇ ಕಾರಣವೆಂದು ಗೇಲೆನನು ವಿವರಿಸುತ್ತಾನೆ. ಕನ್ನಡದ ಏಡಿಗಂತಿಯೂ ಆ ಭಾವವನ್ನೇ ಉಳಿಸಿಕೊಂಡಿದೆ. ಹೆಸರಿಟ್ಟವರೂ ಹೊರರೂಪವನ್ನೇ ಹಿಡಿದರು.

೪

೧೯೯೫ರ ಪ್ರಬಂಧವು ಈ ವಾಙ್ಮಯದಲ್ಲಿ ಬಹಳವಾಗಿ ಉಲ್ಲೇಖಿಸಲ್ಪಡುವ ಕೃತಿ. ಅಮೆರಿಕದ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಅದು ಪ್ರಕಟವಾಯಿತು. ಮಾನವನ ಸ್ತನದ ಏಡಿಗಂತಿಯ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿದುದಾಗಿ ಅದರ ಶೀರ್ಷಿಕೆಯು ಹೇಳುತ್ತದೆ. ಬೇರ್ಪಡಿಸುವ ಉಪಾಯಕ್ಕೆ ಲೇಖಕರು ಕೊಟ್ಟ ಹೆಸರಿನಲ್ಲಿ ‘ಆಪ್ತತೆ’ ಎಂಬರ್ಥದ ಪದವು ಸೇರಿದೆ. ಈ ಪದವನ್ನು ಅವರು ಹೊಸದಾಗಿ ತರಲಿಲ್ಲ. ರಾಸಾಯನಿಕರು ಎರಡು ವಸ್ತುಗಳ ಪರಸ್ಪರ ಕೂಡುವಿಕೆಗೆ ಬಹುಕಾಲದಿಂದ ಬಳಸುತ್ತಿದ್ದುದನ್ನೇ ಎರವಲು ಪಡೆದರು. ಆದರೂ ಲಕ್ಷಣೆಯು ಎರವಲಿನೊಡನೆಯೇ ಬಂದಿತು. ಕೋಶವು ವಿದ್ಯುದಗ್ರಕ್ಕೆ ಆಪ್ತವಾಗಿ ಅದನ್ನು ಹಿಡಿದುಕೊಳ್ಳುತ್ತದೆಂದರೆ ಆಯ್ಕೆಯು ಕೋಶದ್ದೋ ಕ್ಷೇತ್ರದ್ದೋ ಆಗಿ ತೋರುತ್ತದೆ. ಪ್ರಯೋಗಮಾಡುವವನು ಆವೃತ್ತಿಯನ್ನು ಗೊತ್ತುಮಾಡಿ ನೀರಿನ ಹರಿವನ್ನು ಹದಗೊಳಿಸಿದ್ದು ಮರೆಯಾಗುತ್ತದೆ.

ಅಂಕಿಗಳು ಸ್ಪಷ್ಟವಾಗಿವೆ. ಪೊರೆಯ ಧಾರಕತೆಯು ಏಡಿಗಂತಿಯ ಕೋಶಗಳಲ್ಲಿ ಚದರ ಮೀಟರಿಗೆ ೨೬ ಮಿಲಿಫ್ಯಾರಡ್, ಟಿ-ಲಿಂಫೊಸೈಟುಗಳೆಂಬ ಬಿಳಿಯ ಕೋಶಗಳಲ್ಲಿ ೧೧, ಕೆಂಪುಕೋಶಗಳಲ್ಲಿ ೯ ಎಂದು ಅವರು ಅಳೆದರು. ಫ್ರಿಕೆ ಅವರ ೧೯೨೫ರ ಅಳತೆಯನ್ನು ಇದೇ ಮಾನಕ್ಕೆ ಪರಿವರ್ತಿಸಿದರೆ ೮.೧ ಆಗುತ್ತದೆ. ಎಪ್ಪತ್ತು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ಉಪಾಯಗಳಿಂದ ದೊರೆತ ಎರಡು ಅಂಕಿಗಳು ಇಷ್ಟು ಹತ್ತಿರವಿರುವುದು ಅಳತೆಯ ಪ್ರಾಮಾಣ್ಯಕ್ಕೆ ಒಳ್ಳೆಯ ಸಾಕ್ಷಿ.

ಈ ಅಂಕಿಗಳ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸುತ್ತಲಿನ ದ್ರವದ ವಾಹಕತೆಯು ಮೀಟರಿಗೆ ೧೦ ಮಿಲಿಸೀಮೆನ್ಸ್ ಎಂದೂ, ಏಡಿಗಂತಿಯ ಕೋಶದ ತ್ರಿಜ್ಯವು ೬ ಮೈಕ್ರೊಮೀಟರ್, ಲಿಂಫೊಸೈಟಿನದು ೩.೫ ಮೈಕ್ರೊಮೀಟರ್ ಎಂದೂ ಇಟ್ಟುಕೊಂಡರೆ, ಮೊದಲನೆಯದರ ತಿರುವಿನ ಆವೃತ್ತಿಯು ಸೆಕೆಂಡಿಗೆ ಸುಮಾರು ೧೪,೦೦೦, ಎರಡನೆಯದರದು ಸುಮಾರು ೫೮,೦೦೦ ಎಂದು ಲೆಕ್ಕವು ಬರುತ್ತದೆ. ಇವೆರಡರ ನಡುವೆ, ೩೦,೦೦೦ ಆವೃತ್ತಿಯಲ್ಲಿ ಕ್ಷೇತ್ರವನ್ನು ನಡಸಿದರೆ ಒಂದು ಸೆಳೆಯಲ್ಪಡುವುದು, ಇನ್ನೊಂದು ತಳ್ಳಲ್ಪಡುವುದು. ಬೇರ್ಪಡಿಸುವಿಕೆಯ ರಹಸ್ಯವಿಷ್ಟೇ. ಆದರೆ ಈ ನಾಲ್ಕುಪಟ್ಟಿನ ಅಂತರವನ್ನು ಬಿಡಿಸಿ ನೋಡಿದರೆ ಪೊರೆಯಿಂದ ಬಂದುದು ೨.೪ ಪಟ್ಟು, ಬರಿಯ ಗಾತ್ರದಿಂದ ಬಂದುದು ೧.೭ ಪಟ್ಟು. ಹಾಗಾದರೆ ದೊಡ್ಡದಾದ ಆರೋಗ್ಯವಂತ ಕೋಶವೊಂದು ತನ್ನ ಗಾತ್ರದಿಂದಲೇ ಅರ್ಧ ದಾರಿ ರೋಗದ ಕೋಶದ ಕಡೆಗೆ ಸರಿದಿರುತ್ತದೆ. ಪ್ರಚೋದನೆಗೊಂಡ ಲಿಂಫೊಸೈಟಿನಲ್ಲಿಯೂ ಗಾತ್ರ, ಧಾರಕತೆಗಳೆರಡೂ ಹೆಚ್ಚುತ್ತವೆಂಬುದು ಪ್ರಯೋಗಗಳಿಂದ ತಿಳಿದ ಸಂಗತಿ. ಅದು ರೋಗದ ಲಕ್ಷಣವಲ್ಲ, ದೇಹವು ತನ್ನನ್ನು ಕಾಪಾಡಿಕೊಳ್ಳಲು ಸಿದ್ಧವಾಗುತ್ತಿರುವುದರ ಲಕ್ಷಣ.

ಇನ್ನು ಶೀರ್ಷಿಕೆಯಲ್ಲಿನ ಎರಡು ನಾಮಪದಗಳನ್ನು ಪರೀಕ್ಷಿಸಬೇಕು. ‘ಮಾನವನ ಸ್ತನದ ಏಡಿಗಂತಿಯ ಕೋಶ’ ಎಂದು ಹೇಳಿರುವುದು ಎಂಡಿಎ-೨೩೧ ಎಂಬ ಸಂತತಿಯ ಕೋಶಗಳನ್ನು. ಸ್ತನದ ಏಡಿಗಂತಿಯಿಂದ ಪೀಡಿತಳಾಗಿದ್ದ ಒಬ್ಬ ಸ್ತ್ರೀಯ ಎದೆಗೂಡಿನಲ್ಲಿ ತುಂಬಿದ್ದ ನೀರಿನಿಂದ ೧೯೭೦ರ ದಶಕದಲ್ಲಿ ಅವನ್ನು ಪಡೆದು, ಅಂದಿನಿಂದ ಪ್ರಯೋಗಶಾಲೆಯ ತಟ್ಟೆಗಳಲ್ಲಿ ಬೆಳೆಸುತ್ತ ಬರಲಾಗಿದೆ. ರೋಗಿಯ ನಾಳಗಳಲ್ಲಿ ಅಲೆಯುತ್ತಿರುವ ಕೋಶವು ಇದೇ ಬಗೆಯಲ್ಲಿ ವರ್ತಿಸುವುದೆಂದು ನಂಬುವುದಕ್ಕೆ ಕಾರಣಗಳಿರಬಹುದು. ಆದರೆ ಅದು ಊಹೆ, ಅಳತೆಯಲ್ಲ. ‘ರಕ್ತದಿಂದ’ ಎಂಬ ಮಾತಿಗೂ ಇಂಥದೇ ಟೀಕೆಯು ಅವಶ್ಯ. ರಕ್ತದ್ರವದಲ್ಲಿ ಉಪ್ಪು ಹೆಚ್ಚಾಗಿರುವುದರಿಂದ ಇಂಥ ಪ್ರಯೋಗಗಳಲ್ಲಿ ಕೋಶಗಳನ್ನು ಸಾಮಾನ್ಯವಾಗಿ ಸಕ್ಕರೆಯ ದ್ರಾವಣಕ್ಕೆ ಮಾರ್ಪಡಿಸುತ್ತಾರೆ. ಮೇಲಿನ ಉದಾಹರಣೆಯ ದ್ರವದ ವಾಹಕತೆಯು ರಕ್ತದ್ರವದ್ದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಇಂಥ ದ್ರವದಲ್ಲಿ ಹೊತ್ತು ಕಳೆದಂತೆಲ್ಲ ಕೋಶದೊಳಗಿನ ಉಪ್ಪು ಹೊರಕ್ಕೆ ಸೋರಿ ಅದರ ವೈದ್ಯುತಗುಣವೇ ಬದಲಾಗುತ್ತದೆ.

ಇಷ್ಟನ್ನು ಹೇಳುವಾಗ ಲೇಖಕರಿಗೆ ಅನ್ಯಾಯವಾಗಬಾರದು. ಪ್ರಬಂಧದ ಒಳಗೆ ಯಾವ ಸಂತತಿಯ ಕೋಶವೆಂಬುದನ್ನು ಅವರು ಮರೆಮಾಚಿಲ್ಲ. ಉಪಸಂಹಾರದಲ್ಲಿ ತಮ್ಮ ಉಪಾಯವು ನಾನಾ ಬಗೆಯ ಕೋಶಗಳನ್ನು ಬೇರ್ಪಡಿಸುವುದಕ್ಕೂ ಅವುಗಳ ಗುಣವನ್ನು ನಿರೂಪಿಸುವುದಕ್ಕೂ ಉಪಯುಕ್ತವಾಗಬಹುದೆಂದಷ್ಟೇ ಹೇಳುತ್ತಾರೆ. ಆ ‘ಬಹುದು’ ಎಂಬ ಪ್ರತ್ಯಯದಲ್ಲಿ ಶಾಸ್ತ್ರಕಾರನ ಸಂಯಮವೆಲ್ಲವೂ ಅಡಗಿದೆ. ಶೀರ್ಷಿಕೆಯನ್ನು ಮಾತ್ರ ಓದಿ ಮುಂದಕ್ಕೆ ಸಾಗಿಸಿದವರ ಕೈಯಲ್ಲಿ ಈ ಪ್ರತ್ಯಯವು ಬಿದ್ದುಹೋಗಿರುವುದೇ ದೋಷ.

೫

ಈ ಪ್ರತ್ಯಯದ ಬೆಲೆ ಎಷ್ಟೆಂಬುದು ರಕ್ತದಲ್ಲಿನ ಕೋಶಗಳ ಸಂಖ್ಯೆಯನ್ನು ಲೆಕ್ಕಹಾಕಿದಾಗ ತಿಳಿಯುತ್ತದೆ. ಏಡಿಗಂತಿಯಿಂದ ಸತ್ತವನೊಬ್ಬನ ರಕ್ತದಲ್ಲಿ ಗಂತಿಯ ಕೋಶಗಳನ್ನು ಹೋಲುವ ಕೋಶಗಳಿರುವುದನ್ನು ಆಸ್ಟ್ರೇಲಿಯದ ಥಾಮಸ್ ಆಶ್ವರ್ತ್ ೧೮೬೯ರಷ್ಟು ಹಿಂದೆಯೇ ವರ್ಣಿಸಿದ್ದರು. ರೋಗವು ಒಂದೆಡೆಯಿಂದ ಇನ್ನೊಂದೆಡೆಗೆ ಹಬ್ಬುವ ದಾರಿಯು ಅಲ್ಲಿ ಕಾಣುವುದರಿಂದ ಆ ಕೋಶಗಳನ್ನು ಹಿಡಿಯಬೇಕೆಂಬ ಪ್ರಯತ್ನವು ಸಹಜ. ೨೦೦೪ರಲ್ಲಿ ಅಮೆರಿಕದಲ್ಲಿ ಸರಕಾರದ ಅನುಮತಿಯನ್ನು ಪಡೆದ ಪರೀಕ್ಷೆಯೊಂದು ಕೋಶದ ಮೈಮೇಲಿರುವ ಒಂದು ಗೊತ್ತಾದ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳಿಂದ ಅವನ್ನು ಆಯುತ್ತದೆ. ಹಬ್ಬಿದ ಸ್ತನದ ಏಡಿಗಂತಿಯಲ್ಲಿ ೭.೫ ಮಿಲಿಲೀಟರ್ ರಕ್ತಕ್ಕೆ ೫ ಅಥವಾ ಅದಕ್ಕೆ ಮೇಲ್ಪಟ್ಟು ಇಂಥ ಕೋಶಗಳಿದ್ದರೆ ರೋಗಿಯ ಭವಿಷ್ಯವು ಕಷ್ಟತರವೆಂದು ಅದೇ ವರ್ಷ ಪ್ರಕಟವಾದ ಅಧ್ಯಯನವು ತೋರಿಸಿತು.

ಅದೇ ೭.೫ ಮಿಲಿಲೀಟರಿನಲ್ಲಿ ಕೆಂಪುಕೋಶಗಳು ಮೂರೂವರೆ ಸಾವಿರ ಕೋಟಿಗಿಂತಲೂ ಹೆಚ್ಚು. ಬಿಳಿಯ ಕೋಶಗಳು ಸುಮಾರು ಐದು ಕೋಟಿ. ಬೇರ್ಪಡಿಸುವ ಯಂತ್ರವು ಬಿಳಿಯ ಕೋಶಗಳ ವಿಷಯದಲ್ಲಿ ಲಕ್ಷಕ್ಕೊಂದು ಸಲ ಮಾತ್ರ ತಪ್ಪಿತೆಂದು ಇಟ್ಟುಕೊಂಡರೂ, ರೋಗದ ಐದು ಕೋಶಗಳೊಡನೆ ಆರೋಗ್ಯದ ಐನೂರು ಕೋಶಗಳು ಬಂದು ಸೇರುತ್ತವೆ. ಲಕ್ಷಕ್ಕೊಂದು ತಪ್ಪೆಂದರೆ ಬೇರಾವ ಕೆಲಸದಲ್ಲಾದರೂ ಅದ್ಭುತವಾದ ನೈಪುಣ್ಯ. ಇಲ್ಲಿ ಅದರ ಫಲವಾಗಿ ಕೈಗೆ ಬಂದ ನೂರು ಕೋಶಗಳಲ್ಲಿ ಒಂದು ಮಾತ್ರ ಹುಡುಕುತ್ತಿದ್ದುದು. ಇಂಥ ರಾಶಿಯನ್ನು ತೋರಿಸಿ, ಕ್ಷೇತ್ರವು ರೋಗವನ್ನು ಗುರುತಿಸಿತೆಂದರೆ ಆರೋಗ್ಯವಂತನು ಭಯಪಡಬೇಕಾಗುವುದು. ಅದೇ ರಾಶಿಯಲ್ಲಿ ಕೋಶವು ಸಿಕ್ಕದೆ ಹೋದಾಗ ರೋಗವಿಲ್ಲವೆಂದರೆ ರೋಗಿಯು ಸುಮ್ಮನಾಗಿಬಿಡುವನು. ಎರಡು ಬಗೆಯ ಅನರ್ಥಕ್ಕೂ ಒಂದೇ ಕ್ರಿಯಾಪದವು ಕಾರಣವಾಗಬಲ್ಲುದು.

೨೦೧೨ರಲ್ಲಿ ಅಪೋಸ್ಟ್ರೀಮ್ ಎಂಬ ಯಂತ್ರವನ್ನು ವರ್ಣಿಸಿದ ಪ್ರಬಂಧದಲ್ಲಿ, ಎರಡು ಸಂತತಿಗಳ ಕೋಶಗಳನ್ನು ಆರೋಗ್ಯವಂತರ ರಕ್ತದ ಕೋಶಗಳೊಡನೆ ಬೆರಸಿ ಮತ್ತೆ ಬೇರ್ಪಡಿಸಿದಾಗ ನೂರಕ್ಕೆ ಸುಮಾರು ೭೫ ಮತ್ತು ೭೧ರಂತೆ ಮರಳಿ ದೊರೆತುವೆಂದು ಹೇಳಿದೆ. ಇದು ಸಣ್ಣ ಸಾಧನೆಯಲ್ಲ. ಪ್ರತಿಕಾಯಗಳ ಉಪಾಯಕ್ಕೆ ಇಲ್ಲದ ಎರಡು ಗುಣಗಳು ಇದಕ್ಕಿವೆ. ಮೈಮೇಲಿನ ಆ ಪ್ರೋಟೀನನ್ನು ಕಳೆದುಕೊಂಡ ಕೋಶವು ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುತ್ತದೆ. ಕ್ಷೇತ್ರಕ್ಕೆ ಆ ಪ್ರೋಟೀನಿನ ಅವಶ್ಯಕತೆಯಿಲ್ಲ. ಬಣ್ಣವಾಗಲಿ ಅಂಟಾಗಲಿ ತಗುಲದೆ ಜೀವಂತವಾಗಿಯೇ ಹೊರಬಂದ ಕೋಶವನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಮಣಿಯುವುದೆಂದು ಪರೀಕ್ಷಿಸುವ ಅವಕಾಶವೂ ಉಂಟು. ಆದರೆ ನೂರಕ್ಕೆ ೭೧ ಮರಳಿತೆಂಬಲ್ಲಿ ೨೯ ಮರಳಲಿಲ್ಲವೆಂಬುದೂ ಸೇರಿದೆ. ರೋಗಿಯ ರಕ್ತದಲ್ಲಿರುವುದೇ ಐದು ಕೋಶಗಳಾದಾಗ ಈ ಉಳಿದ ಲೆಕ್ಕವು ಮುಖ್ಯವಾಗುವುದು. ಬೇರ್ಪಟ್ಟು ಬಂದ ಕೋಶಗಳಿಗೆ ಆಮೇಲೆ ಬಣ್ಣಗಳನ್ನೂ ಪ್ರತಿಕಾಯಗಳನ್ನೂ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಇದು ಏಡಿಗಂತಿಯದು ಇದು ಅಲ್ಲ ಎಂದು ನಿರ್ಣಯಿಸುವ ಕೆಲಸವು ಪ್ರತ್ಯೇಕವಾಗಿಯೇ ನಡೆಯುತ್ತದೆ. ಗುರುತಿಸುವಿಕೆಯೆಂಬ ಹೆಸರಿಗೆ ಅರ್ಹವಾದುದು ಆ ಕೆಲಸ.

೬

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೆ ಮೊದಲು ಹೊಳೆಯುವ ಉಪಮಾನವು ಹಂಸಕ್ಷೀರನ್ಯಾಯ. ನೀರಿನಿಂದ ಹಾಲನ್ನು ಬೇರ್ಪಡಿಸುವ ಹಂಸವು ರಕ್ತದಿಂದ ರೋಗವನ್ನು ಬೇರ್ಪಡಿಸುವ ಕ್ಷೇತ್ರಕ್ಕೆ ಸಮಾನವೆಂದು ಹೇಳುವುದು ಸುಲಭ, ಕೇಳುವುದಕ್ಕೂ ಇಂಪು. ಆದರೆ ಈ ಉಪಮೆಯು ಎರಡು ಕಡೆಯಲ್ಲಿ ಜಾರುತ್ತದೆ. ಹಂಸವು ಹಾಲನ್ನು ಹಾಲೆಂದೇ ಬಲ್ಲುದು. ಕ್ಷೇತ್ರವು ರೋಗವನ್ನು ಅರಿಯದು. ಅಲ್ಲದೆ ಹಾಲೂ ನೀರೂ ಒಂದರಲ್ಲೊಂದು ಕರಗಿರುವಂಥವು. ರಕ್ತದಲ್ಲಿನ ಕೋಶಗಳು ಒಂದೊಂದೂ ತನ್ನ ಹೊದಿಕೆಯೊಳಗೆ ಬೇರೆಯಾಗಿಯೇ ಇರುವಂಥವು.

ಆಲಂಕಾರಿಕರು ಈ ಭೇದವನ್ನು ಬಹಳ ಹಿಂದೆಯೇ ನಿರ್ದೇಶಿಸಿದ್ದಾರೆ. ಅಲಂಕಾರಗಳು ಹಾಲುನೀರಿನಂತೆ ಬೆರೆತರೆ ಸಂಕರ, ಎಳ್ಳು ಅಕ್ಕಿಗಳಂತೆ ಬೆರೆತರೆ ಸಂಸೃಷ್ಟಿ. ಏಡಿಗಂತಿಯ ಕೋಶವು ರಕ್ತದಲ್ಲಿರುವುದು ತಿ‌ಲತಂಡುಲನ್ಯಾಯದಿಂದ. ಎಳ್ಳನ್ನೂ ಅಕ್ಕಿಯನ್ನೂ ಬೇರ್ಪಡಿಸುವುದಕ್ಕೆ ಹಂಸವು ಬೇಕಿಲ್ಲ; ಜರಡಿಯೋ ಮೊರವೋ ಸಾಕು.

ಈ ಕೆಲಸಗಳಿಗೆ ಕನ್ನಡದ ಒಕ್ಕಲುಮಾತಿನಲ್ಲಿ ಇರುವಷ್ಟು ನಿಖರವಾದ ಕ್ರಿಯಾಪದಗಳು ಶಾಸ್ತ್ರಭಾಷೆಯಲ್ಲಿಲ್ಲ. ಬರಿಯ ಗಾತ್ರವನ್ನು ನೋಡಿ ಬೇರ್ಪಡಿಸುವುದು ಜರಡಿ ಹಿಡಿಯುವುದು. ಗಾಳಿಯ ಹರಿವಿಗೂ ಕಾಳಿನ ತೂಕಕ್ಕೂ ನಡುವಣ ಜಗ್ಗಾಟದಿಂದ ಬೇರ್ಪಡಿಸುವುದು ತೂರುವುದು. ಮೊರದಲ್ಲಿ ಹಾರಿಸಿ ಹೊಟ್ಟನ್ನು ತೆಗೆಯುವುದು ಕೇರುವುದು. ಕಣ್ಣಿನಿಂದ ನೋಡಿ ಕೈಯಿಂದ ಒಂದೊಂದನ್ನೇ ತೆಗೆಯುವುದು ಆರಿಸುವುದು. ಸಣ್ಣ ರಂಧ್ರಗಳ ಮೂಲಕ ಕೋಶಗಳನ್ನು ಸೋಸುವ ಉಪಾಯವು ಜರಡಿ. ಹರಿಯುವ ದ್ರವದಲ್ಲಿ ಕೋಶಗಳನ್ನು ಕ್ಷೇತ್ರದಿಂದ ಎತ್ತಿಯೋ ಇಳಿಸಿಯೋ ಬೇರೆ ಬೇರೆ ವೇಗದಲ್ಲಿ ಸಾಗಿಸುವ ವಿಷಮಕ್ಷೇತ್ರಚಲನದ ಉಪಾಯವು ತೂರುವಿಕೆಗೆ ಬಹಳ ಹತ್ತಿರ. ಸೂಕ್ಷ್ಮದರ್ಶಕದ ಕೆಳಗಿನ ನಿರ್ಣಯವು ಆರಿಸುವುದು. ತೂರುವ ಗಾಳಿಗೆ ಕಾಳೆಂದರೇನು ಜೊಳ್ಳೆಂದರೇನು ತಿಳಿಯದು. ಮಣ್ಣಿನ ಹೆಂಟೆಯು ಕಾಳಿನೊಡನೆಯೇ ಬೀಳುತ್ತದೆ, ಅರೆತುಂಬಿದ ಕಾಳು ಜೊಳ್ಳಿನೊಡನೆ ಹಾರುತ್ತದೆ. ಒಕ್ಕಲಿಗನು ಇದನ್ನು ಬಲ್ಲನಾದ್ದರಿಂದಲೇ ತೂರಿದ ರಾಶಿಯನ್ನು ಹಾಗೆಯೇ ಒಲೆಯ ಮೇಲಕ್ಕೆ ಏರಿಸುವುದಿಲ್ಲ; ಕೇರಿ, ಒನೆದು, ಕೊನೆಗೆ ಆರಿಸುವ ಕೆಲಸವನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾನೆ.

ಈ ಉಪಮೆಯಿಂದ ವಿದ್ಯೆಯ ಗೌರವವು ಕುಗ್ಗುವುದೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ನಿಲ್ಲುವುದಿಲ್ಲ. ಕಣದಲ್ಲಿ ತೂರದೆ ಇದ್ದರೆ ಮನೆಯಲ್ಲಿ ಆರಿಸುವುದು ಅಸಾಧ್ಯ. ಐದು ಕೋಟಿಯನ್ನು ಐನೂರಕ್ಕೆ ಇಳಿಸಿದ ಮೇಲೆಯೇ ಕಣ್ಣಿಗೂ ಬುದ್ಧಿಗೂ ಕೆಲಸ. ಅಷ್ಟೇ ಅಲ್ಲದೆ ‘ವಿವೇಕ’ ಎಂಬ ಶಬ್ದವೇ ಈ ಕಣದಿಂದ ಎದ್ದುಬಂದುದು. ಅದರ ಮೂಲವಾದ ವಿಚ್ ಧಾತುವಿಗೆ ಪೃಥಗ್ಭಾವವೆಂದು ಧಾತುಪಾಠವು ಅರ್ಥವನ್ನು ಹೇಳುತ್ತದೆ. ಧಾನ್ಯವನ್ನು ತೂರಿ ಹೊಟ್ಟನ್ನು ಬೇರೆ ಮಾಡುವುದು ಅದರ ಪ್ರಾಚೀನಪ್ರಯೋಗ. ಬೇರ್ಪಡಿಸುವುದರಿಂದ ಅರಿತು ನಿರ್ಣಯಿಸುವುದಕ್ಕೆ ಆ ಶಬ್ದವು ಏರುವುದಕ್ಕೆ ಶತಮಾನಗಳು ಹಿಡಿದುವು. ವಿದ್ಯುತ್ ಕ್ಷೇತ್ರವು ಧಾತುವಿನ ಅರ್ಥದಲ್ಲಿ ವಿವೇಕವನ್ನು ಮಾಡುತ್ತದೆ. ರೂಢಿಯ ಅರ್ಥದಲ್ಲಿ ಮಾಡುವುದಿಲ್ಲ.

ಆದುದರಿಂದ ಕನ್ನಡದಲ್ಲಿ ಈ ಶಾಸ್ತ್ರವನ್ನು ಬರೆಯುವವರೂ ತರಗತಿಗಳಲ್ಲಿ ಶಾಸ್ತ್ರಗದ್ಯವನ್ನು ಪಾಠಹೇಳುವವರೂ ಎರಡು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಕ್ಷೇತ್ರವು ಕರ್ತೃವಾದ ವಾಕ್ಯದಲ್ಲಿ ಬೇರ್ಪಡಿಸು, ಸೆಳೆ, ತಳ್ಳು, ತೂರು ಎಂಬ ಕ್ರಿಯೆಗಳನ್ನು ಮಾತ್ರ ಬಳಸಿ, ಗುರುತಿಸು, ಅರಿ, ನಿರ್ಣಯಿಸು ಎಂಬುವನ್ನು ಮನುಷ್ಯನು ಕರ್ತೃವಾದ ವಾಕ್ಯಕ್ಕೆ ಬಿಡತಕ್ಕದ್ದು. ಯಾವ ಕೋಶ, ಯಾವ ದ್ರವ, ಯಾವ ಸಂತತಿ ಎಂಬ ವಿಶೇಷಣಗಳನ್ನು ಶೀರ್ಷಿಕೆಯ ಸೊಗಸಿಗಾಗಿ ಕಿತ್ತುಹಾಕದಿರತಕ್ಕದ್ದು. ಇದರಿಂದ ವಾಕ್ಯವು ಸ್ವಲ್ಪ ಭಾರವಾಗಬಹುದು. ಆ ವಾಕ್ಯವನ್ನು ಓದುವವರಲ್ಲಿ ರಕ್ತಪರೀಕ್ಷೆಯ ಫಲವನ್ನು ಕಾಯುತ್ತ ಕುಳಿತವನೂ ಒಬ್ಬನಿರಬಹುದೆಂಬುದನ್ನು ನೆನೆದರೆ ಆ ಭಾರವು ಹೊರತಕ್ಕದ್ದೇ ಎಂದು ಯಾರಿಗಾದರೂ ತೋರದಿರದು.